ಚೀಲ ಹೊರಟಿತ್ತು, ಮನುಷ್ಯ ಹೊರಟಿರಲಿಲ್ಲ

ಸರ್ವೀಸ್ ವಿಭಾಗದ ಮೇಜಿಗೆ ಹೊಸದಾಗಿ ಬಂದು ಕೂರುವ ಹುಡುಗ ಹುಡುಗಿಯರಿಗೆ ಮೊದಲೇ ಹೇಳಿಬಿಡುತ್ತೇನೆ: ಮೆಕ್ಯಾನಿಕ್ ‘ಹೊರಟೆ’ ಎಂದರೆ ನಂಬಬೇಡಿ. ‘ಹೊರಟಾಯಿತು’ ಎಂದರಂತೂ ಇನ್ನೂ ನಂಬಬೇಡಿ. ‘ದಾರಿಯಲ್ಲಿದ್ದೇನೆ’ ಎಂದರೆ ಯಾವ ದಾರಿ, ಹಾಸಿಗೆಯಿಂದ ಬಚ್ಚಲಿಗೆ ಹೋಗುವ ದಾರಿಯೋ ಎಂದು ಕೇಳಿ. ಪೀಣ್ಯದ ಒಂದು ಪಂಪು ಕಾರ್ಖಾನೆಯಲ್ಲಿ ಕೂತು ನಾನು ಜೀವಮಾನವೆಲ್ಲ ಕೇಳಿದ್ದು ಇದೊಂದೇ ಪ್ರಶ್ನೆ. ಹೊರಟನಾ, ಇಲ್ಲವಾ? ಅದಕ್ಕೆ ಸರಿಯಾದ ಉತ್ತರ ಸಿಕ್ಕ ದಿನಗಳು ಬಹಳ ಕಡಿಮೆ. ನನ್ನ ತಲೆಗೂದಲು ಉದುರಿದ್ದು ವಯಸ್ಸಿನಿಂದ ಎಂದು ನನ್ನ ಹೆಂಡತಿ ಸಾವಿತ್ರಿ ಹೇಳುತ್ತಾಳೆ. ವಯಸ್ಸಿನಿಂದ ಅಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮ ಕಾರ್ಖಾನೆ ದೊಡ್ಡ ಪಂಪುಗಳನ್ನು ಮಾಡುತ್ತಿತ್ತು. ಸಕ್ಕರೆ ಕಾರ್ಖಾನೆ, ಕಾಗದದ ಗಿರಣಿ, ಊರಿಗೆ ನೀರು ಹರಿಸುವ ಪಂಪ್‌ಹೌಸು, ಎಲ್ಲ ಕಡೆಯೂ ನಮ್ಮ ಪಂಪುಗಳಿದ್ದವು, ಎಲ್ಲ ಕಡೆಯೂ ಕೆಡುತ್ತಿದ್ದವು. ಕೆಟ್ಟಾಗ ಗಿರಾಕಿ ತಂತಿ ಕೊಡುತ್ತಿದ್ದ. ನಮ್ಮಲ್ಲಿದ್ದ ಆರು ಜನ ಮೆಕ್ಯಾನಿಕ್ಕುಗಳಲ್ಲಿ ಒಬ್ಬನನ್ನು ಕಳುಹಿಸಿ, ಮನುಷ್ಯ ಹೊರಟಿದ್ದಾನೆ ಎಂದು ನಾವು ತಿರುಗಿ ತಂತಿ ಕೊಡಬೇಕು. ಅದನ್ನು ನೋಡಿಕೊಂಡು ಅವರು ಬಸ್ ಸ್ಟ್ಯಾಂಡಿಗೆ ಜೀಪು ಕಳುಹಿಸುತ್ತಿದ್ದರು, ಪಂಪು ಎತ್ತಲು ಆಳುಗಳನ್ನು ಸೇರಿಸುತ್ತಿದ್ದರು. ಆ ತಂತಿ ಬರೆಯುವ ಗುಮಾಸ್ತ ನಾನು. ಹೆಸರು ನರಸಿಂಹಮೂರ್ತಿ, ಕಾರ್ಖಾನೆಯಲ್ಲಿ ಎಲ್ಲರಿಗೂ ಬರೀ ಮೂರ್ತಿ.

ಬರೆಯುವುದರಲ್ಲಿ ಏನೂ ಕಷ್ಟವಿರಲಿಲ್ಲ. ಆ ಆರು ಜನರನ್ನು ಹೊರಡಿಸುವುದರಲ್ಲಿ ನನ್ನ ಪ್ರಾಣ ಹೋಗುತ್ತಿತ್ತು.

ಒಬ್ಬನಿದ್ದ. ‘ಹೊರಟೆ ಸಾರ್’ ಎಂದು ನನ್ನ ಮೇಜಿನ ಮುಂದೆ ಸಲಾಮು ಹೊಡೆದು ಹೋದವನು ಎರಡು ಗಂಟೆ ಕಳೆದ ಮೇಲೆ ಕ್ಯಾಂಟೀನಿನಲ್ಲಿ ಉಪ್ಪಿಟ್ಟು ತಿನ್ನುತ್ತ ಸಿಕ್ಕಿದ. "ಏನಯ್ಯಾ, ಹೊರಟೆ ಅಂದ್ಯಲ್ಲ?" ಎಂದರೆ, "ಹೊರಟಿದೀನಲ್ಲ ಸಾರ್, ಅದಕ್ಕೇ ತಿಂಡಿ ತಿಂತಿರೋದು" ಎಂದ. ಇನ್ನೊಬ್ಬ ಗೇಟು ದಾಟಿದ್ದನ್ನು ನಾನೇ ಕಣ್ಣಾರೆ ಕಂಡು ತಂತಿ ಕೊಟ್ಟಿದ್ದೆ. ಸಂಜೆ ನೋಡಿದರೆ ಅವನು ತನ್ನ ಮನೆಯ ಜಗಲಿಯ ಮೇಲೆ ಕೂತಿದ್ದ. ಗೇಟಿನ ವಾಚ್‌ಮನ್ ಅವನನ್ನು ‘ಎಲ್ಲಿಗೆ?’ ಎಂದು ಕೇಳಿಬಿಟ್ಟಿದ್ದನಂತೆ. ಹೊರಟವರನ್ನು ಹಾಗೆ ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬ ನಂಬಿಕೆ ನಮ್ಮ ಮನೆಯಲ್ಲೂ ಇತ್ತು. ನಮ್ಮಮ್ಮ ‘ದೂರ ಹೊರಟ್ಯಾ?’ ಎಂದಷ್ಟೇ ಕೇಳುತ್ತಿದ್ದಳು. ಈ ಪುಣ್ಯಾತ್ಮ ಅಪಶಕುನವಾಯಿತೆಂದು ಮನೆಗೆ ವಾಪಸು ಹೋಗಿ, ಕಾಲು ತೊಳೆದು, ನೀರು ಕುಡಿದು, ಸ್ವಲ್ಪ ಹೊತ್ತು ಕೂತು ಮತ್ತೆ ಏಳುವಷ್ಟರಲ್ಲಿ ಬಸ್ಸು ಹೋಗಿತ್ತು.

ನಾನು ಹೋಗಿ ವಾಚ್‌ಮನ್ ಮೇಲೆ ಕೂಗಾಡಿದೆ. ಅವನು ಗೇಟಿನ ಪುಸ್ತಕ ತೆಗೆದು ‘ಹೋಗುವ ಸ್ಥಳ’ ಎಂದು ಅಚ್ಚು ಹಾಕಿದ್ದ ಕಾಲಂ ತೋರಿಸಿದ. "ಕೇಳ್ದೆ ಹೆಂಗ್ ಸಾರ್ ಬರ್ಕೊಳ್ಳೋದು?" ಎಂದ. ಕೊನೆಗೆ, ಹೋಗುವಾಗ ಹೆಸರು ಮಾತ್ರ ಬರೆಯುವುದು, ಬಂದ ಮೇಲೆ ಸ್ಥಳ ಕೇಳಿ ಬರೆಯುವುದು ಎಂದು ಒಪ್ಪಂದವಾಯಿತು. ತಪಾಸಣೆಗೆ ಬಂದ ಮೇಲಿನವರೊಬ್ಬರು, ‘ನಿಮ್ಮವರು ಎಲ್ಲಿಗೆ ಹೋಗಿದ್ದಾರೆ ಅಂತ ಅವರು ವಾಪಸು ಬಂದ ಮೇಲೇ ನಿಮಗೆ ಗೊತ್ತಾಗೋದಾ?’ ಎಂದು ನನ್ನನ್ನು ಕೇಳಿದರು. ಹೌದು ಸಾರ್ ಎಂದೆ.

ಇಂಥ ಜಾಗಕ್ಕೆ ಹೊಸ ಸರ್ವೀಸ್ ಮ್ಯಾನೇಜರಾಗಿ ಸೇತುರಾಮನ್ ಬಂದರು. ಇಂಗ್ಲಿಷಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟಿನ ಮನುಷ್ಯ. ಮೇಜಿನ ಮೇಲೆ ಫೈಲುಗಳಿಗಿಂತ ಎತ್ತರಕ್ಕೆ ಒಂದು ನಿಘಂಟು ಇಟ್ಟುಕೊಂಡಿದ್ದರು. ಬಂದ ವಾರವೇ ನನ್ನ ಹಳೆಯ ತಂತಿಗಳ ಪ್ರತಿಗಳನ್ನೆಲ್ಲ ತರಿಸಿ ಓದಿದರು. ಅವುಗಳಲ್ಲಿ ಹೆಚ್ಚಿನವು ‘ಪ್ರೊಸೀಡಿಂಗ್’ ಎಂದಿದ್ದವು. ಅದು ನನಗಿಂತ ಹಿಂದಿನ ಗುಮಾಸ್ತರು ಬಿಟ್ಟುಹೋಗಿದ್ದ ಪದ. ಬಹಳ ಅನುಕೂಲದ್ದು. ಈಗಿಂದೀಗಲೇ ಹೊರಟರೂ ಪ್ರೊಸೀಡಿಂಗ್, ಬರುವ ವಾರ ಹೊರಟರೂ ಪ್ರೊಸೀಡಿಂಗ್.

"ಪ್ರೊಸೀಡಿಂಗ್ ಅಂದ್ರೆ ಆ ಮನುಷ್ಯ ಈಗ ಎಲ್ಲಿದ್ದಾನೆ ಮೂರ್ತಿ?" ಎಂದು ಕೇಳಿದರು.

"ಹೊರಡೋದ್ರಲ್ಲಿದ್ದಾನೆ ಸಾರ್."

"ಹೊರಡೋದ್ರಲ್ಲಿ ಅಂದ್ರೆ? ಬಸ್ಸಲ್ಲಾ, ಬೆಡ್ಡಲ್ಲಾ?"

ಅವತ್ತೇ ಸುತ್ತೋಲೆ ಬಂತು. ಇನ್ನು ಮೇಲೆ ತಂತಿಗಳಲ್ಲಿ ಪ್ರೊಸೀಡಿಂಗ್ ಇಲ್ಲ, ಸ್ಟಾರ್ಟಿಂಗ್ ಇಲ್ಲ, ‘ಲೀವಿಂಗ್ ಶಾರ್ಟ್‌ಲಿ’ ಅಂತೂ ಇಲ್ಲವೇ ಇಲ್ಲ. ‘ಸೆಟ್ ಆಫ್’ ಒಂದೇ. ಅದರ ಮುಂದೆ ‘ಫಾರ್’ ಎಂದು ಬರೆದು ಊರಿನ ಹೆಸರು ಹಾಕಬೇಕು. ಅರ್ಥವನ್ನೂ ಅವರೇ ಕೊಟ್ಟಿದ್ದರು. ಸೆಟ್ ಆಫ್ ಎಂದರೆ ಪ್ರಯಾಣ ಶುರುವಾಗಿದೆ, ಹೊರಡುವ ಮನಸ್ಸು ಮಾಡಿದ್ದಾನೆ ಎಂದಲ್ಲ, ಬಟ್ಟೆ ಮಡಚುತ್ತಿದ್ದಾನೆ ಎಂದಲ್ಲ, ಅವನು ಕೂತ ಗಾಡಿಯ ಚಕ್ರ ತಿರುಗಿದೆ ಎಂದು. ಒಳ್ಳೆಯ ಸುತ್ತೋಲೆ. ಈಗಲೂ ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ ಚಕ್ರ ತಿರುಗಿತೋ ಇಲ್ಲವೋ ಎಂದು ನೋಡಲು ಯಾರೂ ಹೋಗುತ್ತಿರಲಿಲ್ಲ. ನಾನು ಕೇಳಬೇಕು, ಮೆಕ್ಯಾನಿಕ್ ಹೇಳಬೇಕು, ನಾನು ಬರೆಯಬೇಕು, ಸಾಹೇಬರು ಸಹಿ ಹಾಕಬೇಕು. ಇಷ್ಟೇ ನಮ್ಮ ಏರ್ಪಾಡು.

ಆರೂ ಜನರಿಗೆ ಸೆಟ್ ಆಫ್‌ನ ಪಾಠ ಹೇಳುವ ಕರ್ಮವೂ ನನ್ನ ತಲೆಗೇ ಕಟ್ಟಿತು. ಶನಿವಾರ ಊಟದ ನಂತರ ಎಲ್ಲರನ್ನೂ ಕೂರಿಸಿ ಕಪ್ಪು ಹಲಗೆಯ ಮೇಲೆ ಒಂದು ಬಸ್ಸು ಬರೆದೆ. ಕಿಟಕಿಯಲ್ಲಿ ಒಬ್ಬ ಮನುಷ್ಯನ ತಲೆ ಬರೆದೆ.

"ಈ ತಲೆ ಒಳಗಿದ್ದು ಈ ಚಕ್ರ ತಿರುಗಿದ್ರೆ ಸೆಟ್ ಆಫ್. ತಲೆ ಹೊರಗಿದ್ರೆ ಅಲ್ಲ. ತಿಳೀತಾ?"

ಎಲ್ಲರೂ ತಲೆಯಾಡಿಸಿದರು. ಹಿಂದಿನ ಬೆಂಚಿನಿಂದ ಮುನಿವೆಂಕಟಪ್ಪ ಕೈ ಎತ್ತಿದ. "ಸಾ, ತಲೆ ಬಸ್ಸಲ್ಲಿದ್ದು ಬ್ಯಾಗು ಮನೇಲಿದ್ರೆ?"

"ಅದಕ್ಕೆ ಮರೆವು ಅಂತಾರಪ್ಪ."

"ಅಂಗಲ್ಲ ಸಾ. ಬ್ಯಾಗು ಒಂಟು, ತಲೆ ಮನೇಲಿದ್ರೆ?"

ಉಳಿದವರು ಹೋ ಎಂದು ನಕ್ಕರು. ತಮಾಷೆ ಎಂದುಕೊಂಡು ನಾನೂ ನಕ್ಕು ಹಲಗೆ ಒರೆಸಿದೆ. ಅವನು ತಮಾಷೆಗೆ ಕೇಳಿರಲಿಲ್ಲ. ಅವತ್ತೇ ಕೂತು ಅವನಿಗೆ ಸರಿಯಾಗಿ ಉತ್ತರ ಹೇಳಿದ್ದರೆ ಮುಂದಿನದ್ದು ಯಾವುದೂ ಆಗುತ್ತಿರಲಿಲ್ಲ ಎಂದು ಈಗಲೂ ಕೈ ಹಿಸುಕಿಕೊಳ್ಳುತ್ತೇನೆ.

ಈ ಮುನಿವೆಂಕಟಪ್ಪ ಯಾರು ಎಂದು ಹೇಳಬೇಕು. ನಮ್ಮ ಆರು ಜನರಲ್ಲಿ ಎಲ್ಲರಿಗಿಂತ ಒಳ್ಳೆಯ ಕೆಲಸಗಾರ. ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಪಂಪಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು, ಯಾವ ಬೇರಿಂಗು ಸವೆದಿದೆ ಎಂದು ಬಿಚ್ಚದೆ ಹೇಳುತ್ತಿದ್ದ. ಬಾಗಲಗುಂಟೆಯ ಹಳೆಯ ಒಕ್ಕಲು ಮನೆಯವನು. ನಮ್ಮ ಕಾರ್ಖಾನೆ ನಿಂತಿದ್ದ ಜಾಗದಲ್ಲಿ ಅವರ ಹೊಲವೂ ಸೇರಿತ್ತು. ಜಮೀನು ಹೋದಾಗ ಮನೆಗೊಂದು ಕೆಲಸ ಎಂದು ಕೊಟ್ಟಿದ್ದು ಇವನಿಗೆ. ‘ಕಂಪ್ರೆಸರ್ ಶೆಡ್ಡು ಐತಲ್ಲ ಸಾ, ಅಲ್ಲೇ ನಮ್ಮ ಹುಣಸೇಮರ ಇದ್ದಿದ್ದು’ ಎಂದು ಹೊಸಬರಿಗೆಲ್ಲ ತೋರಿಸುತ್ತಿದ್ದ. ಉಳಿದಿದ್ದ ಚೂರು ಹೊಲದಲ್ಲಿ ರಾಗಿ, ಅವರೆ ಬೆಳೆದುಕೊಂಡು, ಮನೆಯ ಪಕ್ಕಕ್ಕೆ ಹೆಂಚಿನ ಎರಡು ವಠಾರದ ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದರು. ಅದರಲ್ಲೊಂದರಲ್ಲಿ ನಾವಿದ್ದೆವು. ಎಂದರೆ ಕಾರ್ಖಾನೆಯಲ್ಲಿ ಅವನನ್ನು ಊರಿಂದೂರಿಗೆ ಅಟ್ಟುವವನು ನಾನು, ಮನೆಗೆ ಬಂದರೆ ಅವನ ತಾಯಿ ಚಿಕ್ಕಮುನಿಯಮ್ಮನವರ ಬಾಡಿಗೆದಾರ. ಆದರೂ ಅವನು ಎರಡು ಕಡೆಯೂ ನನ್ನನ್ನು ‘ಸಾ’ ಎಂದೇ ಕರೆಯುತ್ತಿದ್ದ.

ಅವರೆಕಾಯಿಯ ಕಾಲ. ಬೆಳಗಾವಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಿಂದ ಸೋಮವಾರ ಬೆಳಿಗ್ಗೆ ತಂತಿ ಬಂತು. ನಮ್ಮ ಪಂಪು ನಿಂತಿದೆ, ಕಬ್ಬು ಅರೆಯುವುದು ನಿಂತಿದೆ, ಕಬ್ಬಿನ ಗಾಡಿಗಳು ಗೇಟಿನಿಂದ ಊರವರೆಗೆ ಸಾಲುಗಟ್ಟಿವೆ, ಮುನಿವೆಂಕಟಪ್ಪನನ್ನೇ ಕಳುಹಿಸಿ ಎಂದು. ಬೇಕಾದ ಬೇರಿಂಗು ಸ್ಟೋರ್ಸಿನವರ ಕೈಯಿಂದ ಬಿಡುಗಡೆಯಾಗುವುದಕ್ಕೆ ಸಂಜೆಯಾಯಿತು. ಮರುದಿನ ಬೆಳಗಿನ ಬಸ್ಸಿಗೆ ಅವನು ಹೋಗುವುದು ಎಂದು ತೀರ್ಮಾನವಾಯಿತು.

ನಾನು ಮನೆಗೆ ಬಂದು ಕಾಫಿ ಕುಡಿಯುತ್ತಿದ್ದಾಗ ಅವನು ಬಾಗಿಲಿಗೆ ಬಂದ. ಹೆಗಲಲ್ಲಿ ಕ್ಯಾನ್ವಾಸಿನ ದೊಡ್ಡ ಚೀಲ. ಅದರಲ್ಲಿ ಸ್ಪ್ಯಾನರುಗಳು, ಬೇರಿಂಗು, ಮೇಲೆ ಎರಡು ಜೊತೆ ಬಟ್ಟೆ.

"ಅಕ್ಕಾ, ಬ್ಯಾಗು ಇಲ್ಲಿಟ್ಟಿರ್ತೀನಿ" ಎಂದು ಸಾವಿತ್ರಿಗೆ ಹೇಳಿದ. "ನಾಳೆ ಮಂಗಳವಾರ. ಉತ್ತರಕ್ಕೆ ಶೂಲ ಅಂತಾಳೆ ನಮ್ಮವ್ವ. ಇವತ್ತು ದಿನ ಚೆಂದಾಗೈತಂತೆ."

ಸಾವಿತ್ರಿಗೆ ವಿವರಿಸಿ ಹೇಳಬೇಕಾಗಿರಲಿಲ್ಲ. ನನಗೂ ಬೇಕಾಗಿರಲಿಲ್ಲ. ಪ್ರಯಾಣದ ದಿನ ಒಳ್ಳೆಯದಿಲ್ಲದಿದ್ದರೆ, ಅದಕ್ಕೆ ಮುಂಚೆ ಒಳ್ಳೆಯ ಗಳಿಗೆ ನೋಡಿ ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು. ಪಂಚಾಂಗದವರು ಇದಕ್ಕೆ ಪ್ರಸ್ಥಾನ ಎನ್ನುತ್ತಾರೆ. ಗಂಟು ಹೊಸ್ತಿಲು ದಾಟಿತೆಂದರೆ ಪ್ರಯಾಣ ಹೊರಟ ಹಾಗೆಯೇ. ಆಮೇಲೆ ಮನುಷ್ಯ ಯಾವ ದಿನ ಕಾಲು ಕಿತ್ತರೂ ದೋಷವಿಲ್ಲ, ಮೂರು ದಿನದೊಳಗೆ ಹೋದರೆ ಸರಿ. ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೋಗುವಾಗ ನನ್ನ ಟ್ರಂಕೂ ಹೀಗೆ ಎದುರು ಮನೆಯಲ್ಲಿ ಒಂದು ದಿನ ಕೂತಿತ್ತು.

ಚೀಲವನ್ನು ನಾನೇ ಇಸಿದುಕೊಂಡು ಮಂಚದ ಕೆಳಗೆ ತಳ್ಳಿದೆ. "ಹೊರಟ ಹಾಗಾಯ್ತೇನಪ್ಪ?" ಎಂದೆ.

"ಒಂಟಾಯ್ತು ಸಾ" ಎಂದು ಕೈ ಒರೆಸಿಕೊಂಡು ಅವನು ತನ್ನ ಮನೆಗೆ ಊಟಕ್ಕೆ ಹೋದ.

ಮಂಗಳವಾರ ಬೆಳಿಗ್ಗೆ ಎದ್ದು ಕಾಲು ಕೆಳಗಿಟ್ಟವನಿಗೆ ಮಂಚದಿಂದ ಹೊರಚಾಚಿದ್ದ ಆ ಚೀಲ ಬಡಿಯಿತು. ಬಲಗಾಲಿನ ಹೆಬ್ಬೆರಳು. ಒಳಗಿದ್ದದ್ದು ಕಬ್ಬಿಣ ತಾನೆ? ಪ್ರಾಣ ಹೋದ ಹಾಗಾಯಿತು. ಕುಂಟುತ್ತಲೇ ಸ್ನಾನ ಮಾಡಿ, ತಿಂಡಿ ತಿಂದು ಕಾರ್ಖಾನೆಗೆ ಹೊರಡುವಾಗಲೂ ಚೀಲ ಅಲ್ಲೇ ಇತ್ತು. ಬೆಳಗಿನ ಬಸ್ಸು ಅಷ್ಟು ಹೊತ್ತಿಗೆ ತುಮಕೂರು ದಾಟಿರಬೇಕು. ಇದನ್ನು ನಾನು ನೋಡಿದೆ, ನೋಡಿಯೂ ಮುಂದಿನ ಬಸ್ಸಿಗೆ ಹೋಗುತ್ತಾನೆ ಎಂದುಕೊಂಡೆ.

ಆಫೀಸಿಗೆ ಕಾಲಿಡುತ್ತಲೇ ಸೇತುರಾಮನ್ ಕೇಳಿದರು. "ಹ್ಯಾಸ್ ಹಿ ಸೆಟ್ ಆಫ್?" ವಿಚಾರಿಸಿ ಹೇಳುತ್ತೇನೆ ಸಾರ್ ಎಂದೆ. ಅರ್ಧ ಗಂಟೆಗೆ ಇನ್ನೊಮ್ಮೆ ಕರೆದರು. ಹೊರಟಿರಬೇಕು ಸಾರ್ ಎಂದೆ. "ಬೇಕು ಬೇಡ ನನಗೆ ಬೇಡ" ಎಂದರು. ಮೂರನೇ ಸಲ ಅವರೇ ನನ್ನ ಮೇಜಿಗೆ ಬಂದು, ನನ್ನ ಕೈಗೆ ತಂತಿಯ ಫಾರಂ ಕೊಟ್ಟು, ತಲೆಯ ಮೇಲೆ ನಿಂತರು. "ಎಸ್ ಆರ್ ನೋ, ಮೂರ್ತಿ?"

ಎಸ್ ಸಾರ್ ಎಂದೆ. ಸೆಟ್ ಆಫ್ ಎಂದು ಬರೆದೆ. ಬರೆಯುವಾಗ ಮೇಜಿನ ಕೆಳಗೆ ಹೆಬ್ಬೆರಳು ಪಟಪಟ ಎನ್ನುತ್ತಿತ್ತು.

ಸಂಜೆ ಬಂದು ಬಗ್ಗಿ ನೋಡಿದರೆ ಚೀಲ ಅಲ್ಲೇ ಇತ್ತು. ಕುಂಟಿಕೊಂಡೇ ಅವರ ಕಣಕ್ಕೆ ಓಡಿದೆ. ಬೆಳಿಗ್ಗೆಯಿಂದ ಮೋಡ ಕವಿದಿತ್ತು. ಕಣದ ತುಂಬ ರಾಗಿ ತೆನೆ ಹರಡಿತ್ತು, ಮುನಿವೆಂಕಟಪ್ಪ ತಲೆಗೆ ಟವೆಲ್ ಸುತ್ತಿಕೊಂಡು ಎತ್ತುಗಳ ಹಿಂದೆ ರೋಣಗಲ್ಲು ಹೊಡೆಯುತ್ತಿದ್ದ. ನಮ್ಮ ತಂತಿಯ ಪ್ರಕಾರ ಅವನಾಗ ಹುಬ್ಬಳ್ಳಿಯ ಹತ್ತಿರ ಎಲ್ಲೋ ಇರಬೇಕಾಗಿತ್ತು.

"ಮುನಿವೆಂಕಟಪ್ಪಾ! ಏನೋ ಇದು? ನೀನು ಹೊರಟಿದೀಯ ಅಂತ ತಂತಿ ಹೋಗಿದೆ ಕಣೋ!"

"ಒಂಟಾಯ್ತಲ್ಲ ಸಾ" ಎಂದ, ಎತ್ತು ನಿಲ್ಲಿಸದೆ. "ನಿಮ್ಮನೇಲೇ ಐತಲ್ಲ ಬ್ಯಾಗು. ಮೂರು ದಿನ ಟೈಮೈತೆ. ಮಳೆ ಬಂದ್ರೆ ಇದೆಲ್ಲ ಮೊಳಕೆ ಒಡೆದೋಯ್ತದೆ. ನಾಳೆ ಬೆಳಿಗ್ಗೆ ಗ್ಯಾರಂಟಿ."

ನನಗೆ ಅಳಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. ಕೈಮುಗಿದೆ. ನಾಳೆ ಖಂಡಿತ ಎಂದು ಅವನೂ ಕೈಮುಗಿದ. ಬುಧವಾರ ಇನ್ನಷ್ಟು ಕಪ್ಪು ಮೋಡ ಬಂತು. ಅವನು ಹೋಗಲಿಲ್ಲ. ಮಧ್ಯಾಹ್ನ ಸಕ್ಕರೆ ಕಾರ್ಖಾನೆಯಿಂದ ತಂತಿ ಬಂತು: ನಿನ್ನೆಯಿಂದ ಜೀಪು ಪ್ರತಿ ಬಸ್ಸಿಗೂ ಕಾಯುತ್ತಿದೆ, ನಿಮ್ಮ ಮನುಷ್ಯ ಎಲ್ಲಿ? ಸೇತುರಾಮನ್ ನನ್ನ ಮುಖ ನೋಡಿದರು. ಬಸ್ಸು ಎಲ್ಲೋ ಕೆಟ್ಟಿರಬಹುದು ಸಾರ್ ಎಂದೆ. ಇದು ಎರಡನೆಯ ಸುಳ್ಳು. ಮೊದಲನೆಯದನ್ನಾದರೂ ಅವಸರದಲ್ಲಿ ಹೇಳಿದ್ದೆ, ಇದನ್ನು ಯೋಚಿಸಿ ಹೇಳಿದೆ.

ಗುರುವಾರ ಅವನು ಹೋದ. ಆ ರಾತ್ರಿಯೇ ಪಂಪು ಬಿಚ್ಚಿ, ನಾಲ್ಕು ಗಂಟೆಯಲ್ಲಿ ಓಡಿಸಿಯೂ ಬಿಟ್ಟ. ಅಲ್ಲಿನ ಇಂಜಿನಿಯರು ಎರಡು ದಿನ ಎಲ್ಲಿದ್ದೆ ಎಂದು ಕೇಳಿದ್ದಕ್ಕೆ ರಾಗಿ, ಮೋಡ, ರೋಣಗಲ್ಲು ಎಲ್ಲವನ್ನೂ ಒಂದೂ ಬಿಡದೆ ಸತ್ಯವಾಗಿ ಹೇಳಿದ. ಆ ಇಂಜಿನಿಯರು ಅದನ್ನು ಒಂದೂ ಬಿಡದೆ ಕಾಗದದಲ್ಲಿ ಬರೆದು ನಮ್ಮ ಕಂಪನಿಗೆ ಕಳುಹಿಸಿದರು. ಎರಡು ದಿನ ಚಳಿಯಲ್ಲಿ ಗಾಡಿಗಳ ಕೆಳಗೆ ಮಲಗಿದ್ದ ಕಬ್ಬಿನ ರೈತರು ಆ ಕಾರ್ಖಾನೆಯ ಕಿಟಕಿಯ ಗಾಜುಗಳನ್ನು ಒಡೆದಿದ್ದರಂತೆ. ಓದಿ ನನಗೆ ನಾಚಿಕೆಯಾಯಿತು.

ಮುನಿವೆಂಕಟಪ್ಪ ವಾಪಸು ಬರುತ್ತಲೇ ಆಪಾದನೆ ಪತ್ರ ಕೈಗೆ ಬಂತು. ಎರಡು ದಿನ ಕೆಲಸಕ್ಕೆ ಹೋಗದೆ ಇದ್ದದ್ದು ಒಂದು. ಅದಕ್ಕೆ ದಂಡನೆ ಸಣ್ಣದು. ಹೊರಡದೆಯೇ ಹೊರಟಿರುವುದಾಗಿ ಸುಳ್ಳು ಹೇಳಿ ಕಂಪನಿಗೆ ಮೋಸ ಮಾಡಿದ್ದು ಇನ್ನೊಂದು. ಅದು ರುಜುವಾತಾದರೆ ಕೆಲಸದಿಂದ ವಜಾ. ಆ ಸಂಜೆ ಅವನು ನಮ್ಮ ಜಗಲಿಯ ಮೇಲೆ ಕೂತು ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ. "ಒಲ ಕೊಟ್ಟು ತಗೊಂಡ ಕೆಲ್ಸ ಸಾ ಇದು. ಇದೂ ಓದ್ರೆ ನಮ್ಮವ್ವಂಗೆ ಏನ್ ಏಳ್ಲಿ?" ಎಂದ.

ವಿಚಾರಣೆಗೆ ಹೊರಗಿನಿಂದ ಒಬ್ಬ ವಕೀಲರನ್ನು ಕರೆಸಿದ್ದರು. ಅದು ನಡೆದದ್ದು ಕ್ಯಾಂಟೀನಿನ ಪಕ್ಕದ ಕೋಣೆಯಲ್ಲಿ. ಮಾತೆಲ್ಲ ಕನ್ನಡದಲ್ಲಿ, ದಾಖಲೆ ಮಾತ್ರ ಇಂಗ್ಲಿಷಿನಲ್ಲಿ ಇರಬೇಕು. ಅದನ್ನು ಇಂಗ್ಲಿಷಿಗೆ ತಿರುಗಿಸಿ ಟೈಪು ಮಾಡುವವನು ಯಾರು? ನಾನೇ. ಸಾಕ್ಷಿ ಹೇಳುವವನೂ ನಾನೇ. ನಮ್ಮಲ್ಲಿ ಎಲ್ಲವೂ ಹೀಗೇ.

ಮೊದಲ ದಿನದ ಅರ್ಧ ಭಾಗ ಸೆಟ್ ಆಫ್ ಎಂಬ ಎರಡು ಪದಗಳಿಗೇ ಹೋಯಿತು. ಸೇತುರಾಮನ್ ನಿಘಂಟು ಹೊತ್ತುಕೊಂಡು ಬಂದಿದ್ದರು. ವಕೀಲರು ಕನ್ನಡಕ ಏರಿಸಿ ಅದನ್ನು ಓದಿದರು, ಸುತ್ತೋಲೆ ಓದಿದರು, ಹಲಗೆಯ ಮೇಲೆ ಬಸ್ಸಿನ ಚಿತ್ರ ಬರೆದದ್ದು ನಿಜವೇ ಎಂದು ನನ್ನನ್ನು ಕೇಳಿದರು. ಚಕ್ರ ಎಷ್ಟು, ತಲೆ ಎಷ್ಟು ಎಂದೂ ಬರೆಸಿಕೊಂಡರು. ಒಬ್ಬ ಮನುಷ್ಯನ ಅನ್ನದ ಪ್ರಶ್ನೆ, ಇವರು ಬಸ್ಸಿಗೆ ಚಕ್ರ ಎಣಿಸುತ್ತಿದ್ದಾರಲ್ಲ ಎಂದು ನನಗೆ ಮೈ ಉರಿಯಿತು. ಆದರೆ ನನ್ನ ಸರದಿ ಬಂದಾಗ ನಾನು ಮಾಡಿದ್ದೇನು?

"ಅವರು ಹೊರಟಿದ್ದಾರೆ ಅಂತ ಯಾವ ಆಧಾರದ ಮೇಲೆ ತಂತಿ ಬರೆದ್ರಿ?" ಎಂದು ವಕೀಲರು ಕೇಳಿದರು.

"ಅವನೇ ಹೇಳಿದ ಸಾರ್. ಹೊರಟಾಯ್ತು ಅಂತ."

ಅಷ್ಟೇ ಹೇಳಿದೆ. ಸುಳ್ಳಲ್ಲ. ಸುಳ್ಳಿಗಿಂತ ಕೆಟ್ಟದ್ದು. ಎಲ್ಲಿ ಹೇಳಿದ, ಯಾವಾಗ ಹೇಳಿದ, ಕೈಯಲ್ಲಿ ಏನಿತ್ತು, ಅದನ್ನು ಯಾರು ತೆಗೆದು ಎಲ್ಲಿಟ್ಟರು, ಒಂದನ್ನೂ ಬಾಯಿಬಿಡಲಿಲ್ಲ. ಕೆಲಸ ಹೋಗುತ್ತದೆ ಎಂಬ ಹೆದರಿಕೆ, ಬೇರೇನೂ ಅಲ್ಲ.

ಆಮೇಲೆ ಮುನಿವೆಂಕಟಪ್ಪನ ಸರದಿ. ಬ್ಯಾಗು ಇಟ್ಟರೆ ಹೊರಟ ಹಾಗೆ ಎಂದು ಅವನು ಹೇಳಿದ. ಸೇತುರಾಮನ್ ಹಣೆಗೆ ಕೈ ಹಚ್ಚಿಕೊಂಡರು.

"ಎಲ್ಲಿ ಇಟ್ಟಿದ್ದೆ?" ಎಂದರು ವಕೀಲರು.

ಅವನು ಒಂದು ಸಲ ನನ್ನ ಕಡೆ ನೋಡಿದ. ಟೈಪ್‌ರೈಟರಿನ ಮೇಲೆ ನನ್ನ ಬೆರಳು ನಿಂತಿತ್ತು.

"ಬೇಕಾದೋರ ಮನೇಲಿ ಸಾ."

"ಯಾರು ಅವರು?"

"ಬೇಕಾದೋರು" ಎಂದ. ಮತ್ತೆ ಎಷ್ಟು ಕೇಳಿದರೂ ಅಷ್ಟೇ ಹೇಳಿದ. ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಿ, ಹಿತೈಷಿಯೊಬ್ಬರ ಮನೆಯಲ್ಲಿ ಎಂದು ನನ್ನ ಕೈಯಾರೆ ಟೈಪು ಮಾಡಿದೆ. ಮುಂದಿನ ವಾರಕ್ಕೆ ವಿಚಾರಣೆ ಮುಂದೆ ಹೋಯಿತು.

ಮನೆಗೆ ಬಂದು ಸಾವಿತ್ರಿಗೆ ಹೇಳಿದೆ. ಅವಳು ಸಾರು ಬಡಿಸುವ ಸೌಟು ಹಿಡಿದು ಹಾಗೇ ನಿಂತಳು. "ಚೀಲ ಈಸ್ಕೊಂಡು ಮಂಚದ ಕೆಳಗೆ ತಳ್ಳಿದೋರು ನೀವು. ಅವನ ಮೇಲೆ ಹೇಳಿ ಬಂದ್ರಾ?" ಎಂದಳು. ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ. ತಟ್ಟೆಯಲ್ಲಿದ್ದದ್ದು ಅವರೆಕಾಳಿನ ಸಾರು. ಆ ಅವರೆಕಾಯಿಯನ್ನು ಬೆಳಿಗ್ಗೆ ಚಿಕ್ಕಮುನಿಯಮ್ಮನವರು, ಪ್ರತಿ ವರ್ಷದ ಹಾಗೆ, ಮೊರದ ತುಂಬ ತಂದು ಕೊಟ್ಟಿದ್ದರು. ಆ ವಾರವೆಲ್ಲ ಕೊಟ್ಟರು. ಮಗ ಅವರಿಗೆ ಏನೂ ಹೇಳಿರಲಿಲ್ಲ.

ಎರಡನೆಯ ವಿಚಾರಣೆಯ ದಿನ ವಕೀಲರು ಕಾಗದ ಜೋಡಿಸಿಕೊಂಡು, ಇನ್ನು ಯಾರಾದರೂ ಹೇಳುವುದಿದೆಯೇ ಎಂದು ವಾಡಿಕೆಗೆ ಕೇಳಿದರು. ನಾನು ಟೈಪ್‌ರೈಟರ್ ಬಿಟ್ಟು ಎದ್ದೆ.

"ಆ ಬೇಕಾದವರು ನಾನೇ ಸಾರ್. ಚೀಲ ಇದ್ದದ್ದು ನನ್ನ ಮನೇಲಿ. ಅದು ಪ್ರಸ್ಥಾನದ ಚೀಲ ಅಂತ ನನಗೆ ಗೊತ್ತಿತ್ತು. ಅವನು ಹೊರಟಾಯ್ತು ಅಂದಿದ್ದು ಆ ಅರ್ಥದಲ್ಲಿ ಅಂತಲೂ ಗೊತ್ತಿತ್ತು. ಮಂಗಳವಾರ ನಾನು ಕೆಲಸಕ್ಕೆ ಬರುವಾಗಲೂ ಚೀಲ ಅಲ್ಲೇ ಇತ್ತು. ಅವನು ಬಸ್ಸು ಹತ್ತಿಲ್ಲ ಅಂತ ಗೊತ್ತಿದ್ದೇ ಸೆಟ್ ಆಫ್ ಅಂತ ಬರೆದೆ."

ವಕೀಲರು ಕನ್ನಡಕ ತೆಗೆದರು. "ಗೊತ್ತಿತ್ತು ಅನ್ನೋದಕ್ಕೆ ಏನು ಸಾಕ್ಷಿ?"

ನಾನು ಬಲಗಾಲಿನ ಚಪ್ಪಲಿ ಬಿಚ್ಚಿ, ಕಾಲನ್ನು ಕುರ್ಚಿಯ ಮೇಲಿಟ್ಟು ತೋರಿಸಿದೆ. ಹೆಬ್ಬೆರಳಿನ ಉಗುರು ಪೂರ್ತಿ ಕಪ್ಪಾಗಿತ್ತು. "ಅವತ್ತು ಬೆಳಿಗ್ಗೆ ಆ ಚೀಲ ಎಡವಿದ್ದು ಸಾರ್. ಒಳಗೆ ಇಪ್ಪತ್ತೆರಡರ ಸ್ಪ್ಯಾನರ್ ಇತ್ತು."

ಸೇತುರಾಮನ್ ಎದ್ದು ನಿಂತರು. "ಯು ನ್ಯೂ! ಗೊತ್ತಿದ್ದೂ ನನಗೆ ಎಸ್ ಅಂತ ಹೇಳಿದ್ಯಾ?"

"ನೀವು ಮೂರನೇ ಸಲ ಕೇಳಿದ್ರಿ ಸಾರ್."

ವಕೀಲರು ನನ್ನ ಬೆರಳಿನ ವಿಷಯವನ್ನೂ ದಾಖಲೆಗೆ ಹಾಕಲು ಹೇಳಿದರು. ನಾನು ಚಪ್ಪಲಿ ಮೆಟ್ಟಿಕೊಂಡು ಕೂತು, ನನ್ನ ಮಾತನ್ನು ನಾನೇ ಇಂಗ್ಲಿಷಿಗೆ ತಿರುಗಿಸಿ ಟೈಪು ಮಾಡಿದೆ. ಮೂರು ಕಡೆ ತಪ್ಪಾಯಿತು.

ಸುಳ್ಳು ಹೇಳಿದ ಆಪಾದನೆ ಮುನಿವೆಂಕಟಪ್ಪನ ಮೇಲಿಂದ ಬಿದ್ದುಹೋಯಿತು. ಎರಡು ದಿನದ ಗೈರುಹಾಜರಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ನನಗೆ ಒಂದು ಮೆಮೊ ಬಂತು, ಜೊತೆಗೆ ಸರ್ವೀಸ್ ಮೇಜಿನಿಂದ ಎಬ್ಬಿಸಿ ಗೇಟಿನಲ್ಲಿ ಕೂರಿಸಿದರು. ಮಳೆಗಾಲ ಶುರುವಾಗುವವರೆಗೆ ನಾನು ವಾಚ್‌ಮನ್ ಪಕ್ಕದಲ್ಲಿ ಕೂತು, ಹೋಗುವವರನ್ನು ಎಲ್ಲಿಗೆ ಎಂದು ಕೇಳದೆ, ಬಂದವರನ್ನು ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿ ಬರೆದುಕೊಂಡೆ. ನನ್ನ ಜಾಗಕ್ಕೆ ಬಂದವನು ನನಗಿಂತ ಅಧ್ವಾನ ಮಾಡಿದ್ದರಿಂದ ನನ್ನನ್ನು ವಾಪಸು ಕರೆದರು. ಸೇತುರಾಮನ್ ಒಂದೇ ಮಾತು ಹೇಳಿದರು, "ಚಕ್ರ ನೋಡಿ ಬರಿ." ಮನುಷ್ಯ ಕೆಟ್ಟವರಲ್ಲ. ಆ ಮೂರನೇ ಸಲದ ಪ್ರಶ್ನೆಯನ್ನು ಆಮೇಲೆ ಅವರು ಯಾರಿಗೂ ಕೇಳಿದ್ದನ್ನು ನಾನು ಕಾಣಲಿಲ್ಲ.

ವಾಪಸು ಬಂದ ವಾರವೇ ಮುನಿವೆಂಕಟಪ್ಪನಿಗೆ ರಾಯಚೂರಿನ ಕಡೆ ಕೆಲಸ ಬಂತು. ಸೋಮವಾರ ಸಂಜೆ ನಾನು ಕಾಫಿ ಲೋಟ ಕೈಗೆತ್ತಿಕೊಂಡಿದ್ದೆ. ಬಾಗಿಲಲ್ಲಿ ಅದೇ ಕ್ಯಾನ್ವಾಸ್ ಚೀಲ, ಅದರ ಮೇಲೆ ಅದೇ ಮುಖ.

"ಅಕ್ಕಾ, ನಾಳೆ ಮಂಗಳವಾರ..."

ನನಗೆ ತಡೆಯಲಾಗಲಿಲ್ಲ. ಲೋಟ ಕುಕ್ಕಿದೆ. "ನಿನಗೆ ಬುದ್ಧಿ ಇದೆಯೇನೋ? ಇದೇ ದರಿದ್ರ ಚೀಲದಿಂದ ನಿನ್ನ ಕೆಲಸ ಹೋಗ್ತಿತ್ತು! ನನ್ನನ್ನ ಅಷ್ಟು ತಿಂಗಳು ಗೇಟಲ್ಲಿ ಕೂರಿಸಿದ್ರು! ಮತ್ತೆ ತಂದಿದೀಯಲ್ಲ? ಎತ್ಕೊಂಡು ಹೋಗು, ಬೇರೆ ಯಾರ ಮನೇಲಾದ್ರೂ ಇಟ್ಕೋ!"

ಅವನಿಗೆ ಬೇಜಾರಾಗಲಿಲ್ಲ. ನಾನು ಯಾಕೆ ಕೂಗುತ್ತಿದ್ದೇನೆ ಎಂದು ಅವನಿಗೆ ಅರ್ಥವೇ ಆಗಿರಲಿಲ್ಲ.

"ಬ್ಯಾರೆಯೋರ ಮನೇಲಿ ಯಾಕಿಡ್ಲಿ ಸಾ? ಅವತ್ತು ನಿಮ್ಮನೇಲಿ ಇಟ್ಟಿದ್ಕೇ ಅಲ್ವಾ ನನ್ ಕೆಲ್ಸ ಉಳಿದಿದ್ದು? ಬ್ಯಾರೆಯೋರಾಗಿದ್ರೆ ಬಂದು ಏಳ್ತಿದ್ರಾ?"

ಅವನು ಮೊದಲ ದಿನದ ವಿಚಾರಣೆಯನ್ನು ಮರೆತಿರಲು ಸಾಧ್ಯವಿಲ್ಲ. ನನ್ನ ಕಡೆ ನೋಡಿ, ಬೇಕಾದೋರು ಎಂದವನು ಅವನೇ. ನಾನು ಹೇಳುವುದಕ್ಕೆ ಒಂದು ವಾರ ತಗೊಂಡೆ ಎನ್ನುವುದು ಅವನ ಲೆಕ್ಕದಲ್ಲಿ ಇರಲೇ ಇಲ್ಲ. ಹೇಳಿದ್ದಷ್ಟೇ ಇತ್ತು. ಕಣ್ಣಲ್ಲಿ ನೀರು ಬಂತು, ಅದಕ್ಕೂ ಸಿಟ್ಟು ಬಂತು. ಸಾವಿತ್ರಿ ಒಳಗಿನಿಂದ ಇನ್ನೊಂದು ಲೋಟ ಕಾಫಿ ತಂದು ಅವನ ಕೈಗೆ ಕೊಟ್ಟಳು. ನಾನು ಚೀಲ ಇಸಿದುಕೊಂಡು, ಈ ಸಲ ಯಾರ ಕಾಲಿಗೂ ತಾಗದ ಹಾಗೆ ಗೋಡೆಗೆ ಒತ್ತಿ ಮಂಚದ ಕೆಳಗೆ ಇಟ್ಟೆ.

ಮಂಗಳವಾರ ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಹೋಗಿ ಅವನನ್ನು ಎಬ್ಬಿಸಿದೆ. ಚೀಲ ನಾನೇ ಹೊತ್ತು ಎಂಟನೇ ಮೈಲಿ ಎಂಬ ಬಸ್ ನಿಲ್ದಾಣದವರೆಗೆ ಅವನ ಜೊತೆ ನಡೆದೆ. ದಾರಿಯುದ್ದಕ್ಕೂ ಗೊಣಗಿದೆ, ಅವನು ಹೂಂ ಹೂಂ ಎಂದ. ಬಸ್ಸು ಬಂತು. ಹತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಬತ್ತೀನಿ ಸಾ" ಎಂದ. ಚಕ್ರ ತಿರುಗಿತು. ಬಸ್ಸು ತುಮಕೂರು ರಸ್ತೆಯ ತಿರುವು ದಾಟಿ ಕಾಣದಾಗುವವರೆಗೂ ನಿಂತಿದ್ದೆ. ಆಮೇಲೆ ತಂತಿ ಕಚೇರಿಗೆ ನಡೆದು ಹೋಗಿ, ಬಾಗಿಲು ತೆಗೆಯುವವರೆಗೆ ಮೆಟ್ಟಿಲ ಮೇಲೆ ಕೂತಿದ್ದು, ಸೆಟ್ ಆಫ್ ಎಂದು ಬರೆದು ಕೊಟ್ಟೆ.